ಮೆಸೇಜ್ ಎಲ್ಲಿ ನಿಂತಿತು? ಜಾವಾ ವೆಬ್ ಸರ್ವಿಸ್‌ನ ಹ್ಯಾಂಡ್ಲರ್ ಚೈನ್‌ನಲ್ಲಿ ದೋಷ ಹುಡುಕುವ ಬಗೆ

ವೆಬ್ ಸರ್ವಿಸ್‌ಗೆ ಬರುವ, ಅಲ್ಲಿಂದ ಹೋಗುವ ಮೆಸೇಜನ್ನು ದಾರಿಯಲ್ಲಿ ಹಿಡಿದು ನೋಡುವ, ಬೇಕಾದರೆ ತಿದ್ದುವ ಕ್ಲಾಸ್‌ಗಳೇ ಹ್ಯಾಂಡ್ಲರ್‌ಗಳು. ಅವುಗಳ ಸಾಲೇ ಹ್ಯಾಂಡ್ಲರ್ ಚೈನ್. ಅದು ಕೈಕೊಟ್ಟಾಗ ಹೆಚ್ಚಿನವರು ಮೊದಲು ಹ್ಯಾಂಡ್ಲರ್‌ನ ಕೋಡ್ ತೆರೆದು ಕೂರುತ್ತಾರೆ. ಆ ಕೆಲಸ ಕೊನೆಗಿರಲಿ. ಇಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಒಂದು ಹ್ಯಾಂಡ್ಲರ್‌ನ ಹೊಟ್ಟೆಯೊಳಗೆ ಇರುವುದಿಲ್ಲ, ಎರಡು ಹ್ಯಾಂಡ್ಲರ್‌ಗಳ ನಡುವೆ ಇರುತ್ತವೆ. ಯಾವುದು ಮೊದಲು ಓಡಿತು, ಯಾವ ದಿಕ್ಕಿಗೆ ಓಡಿತು, ಏನು ಹೇಳಿ ಮುಗಿಸಿತು, ಮುಂದಿನವನಿಗೆ ಏನು ಬಿಟ್ಟುಹೋಯಿತು ಅನ್ನುವುದರಲ್ಲಿ ಇರುತ್ತವೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಒಂದೇ: ಮೆಸೇಜ್ ಎಲ್ಲಿ ನಿಂತಿತು?

ಇದು ಜಾಕ್ಸ್-ಡಬ್ಲ್ಯುಎಸ್ ಮಾತು, ಅಂದರೆ ಎಕ್ಸ್‌ಎಂಎಲ್ ಮೆಸೇಜ್‌ಗಳಲ್ಲಿ ಮಾತಾಡುವ ‘ಸೋಪ್’ ಪದ್ಧತಿಯ ಸರ್ವಿಸ್‌ಗಳನ್ನು ಜಾವಾದಲ್ಲಿ ಬರೆಯುವ ಸೌಕರ್ಯ. ಹಳೇದಲ್ವಾ ಅಂದರೆ, ಹೌದು, ಹಳೇದೇ. 2006ರಲ್ಲಿ ಜಾವಾ 6ರ ಜೊತೆ ಬಂತು, 2018ರಲ್ಲಿ ಜಾವಾ 11ರ ಹೊತ್ತಿಗೆ ಜೆಡಿಕೆಯಿಂದ ಹೊರಗೆ ಹೋಯಿತು. ಆದರೆ ದಾವಣಗೆರೆಯಂಥ ಊರಲ್ಲಿ ಕೂತು ಹಳೆಯ ವ್ಯವಸ್ಥೆಗಳಿಗೆ ಹೊಸ ಸಾಫ್ಟ್‌ವೇರ್ ಜೋಡಿಸುವವರಿಗೆ ಸೋಪ್ ಇನ್ನೂ ತಪ್ಪಿದ್ದಲ್ಲ. ಯಾರೋ ಬರೆದು ಬಿಟ್ಟುಹೋದ ಸರ್ವಿಸ್ ಇರುತ್ತದೆ. ಅದು ಓಡುತ್ತಲೂ ಇರುತ್ತದೆ. ಕೆಟ್ಟ ದಿನ ಮಾತ್ರ ನಮ್ಮ ಮೇಜಿಗೆ ಬರುತ್ತದೆ.

ಉದಾಹರಣೆಗೆ ಒಂದು ಅಡಿಕೆ ಲೆಕ್ಕದ ಸರ್ವಿಸ್ ಇಟ್ಟುಕೊಳ್ಳೋಣ. ಚನ್ನಗಿರಿ, ಹೊನ್ನಾಳಿ ಕಡೆಯ ದಲಾಲಿ ಅಂಗಡಿಗಳಿಂದ ಲಾಟ್ ವಿವರ ದಾವಣಗೆರೆಯ ಸರ್ವರ್‌ಗೆ ಬರುತ್ತದೆ. ರೈತರ ಹೆಸರು, ಊರು, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಚೀಲ ಎಷ್ಟು, ತೂಕ ಎಷ್ಟು, ಇಷ್ಟೇ. ಸರ್ವರ್‌ನಲ್ಲಿ ನಾಲ್ಕು ಹ್ಯಾಂಡ್ಲರ್. ‘ತೂಕ’ ಅನ್ನುವುದು ಕ್ವಿಂಟಾಲ್‌ನಲ್ಲಿ ಬಂದದ್ದನ್ನು ಕಿಲೋಗೆ ಬದಲಿಸುತ್ತದೆ. ‘ಟೋಕನ್’ ಕಳಿಸಿದ ಅಂಗಡಿ ಯಾವುದೆಂದು ಹೆಡರ್‌ನಿಂದ ಗುರುತಿಸುತ್ತದೆ. ‘ಡೈಜೆಸ್ಟ್’ ಮಾಹಿತಿಯ ಬೈಟ್‌ಗಳಿಂದ ಲೆಕ್ಕ ಹಾಕಿದ ಒಂದು ಗುರುತನ್ನು (ಅದರ ಹೆಸರೂ ಡೈಜೆಸ್ಟ್) ಹೋಲಿಸಿ, ದಾರಿಯಲ್ಲಿ ಯಾರೂ ಅಂಕಿ ತಿದ್ದಿಲ್ಲ ಎಂದು ನೋಡುತ್ತದೆ. ‘ಲಾಗ್’ ಬಂದದ್ದು ಹೋದದ್ದು ಬರೆದಿಡುತ್ತದೆ. ಮೊದಲನೆಯದು ಲಾಜಿಕಲ್ ಹ್ಯಾಂಡ್ಲರ್, ಅಂದರೆ ಬಾಡಿಯೊಳಗಿನ ಮಾಹಿತಿ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಉಳಿದ ಮೂರು ಸೋಪ್ ಹ್ಯಾಂಡ್ಲರ್. ಅವಕ್ಕೆ ಹೆಡರ್ ಸಮೇತ ಇಡೀ ಎನ್ವಲಪ್, ಅಂದರೆ ಪೂರ್ತಿ ಸೋಪ್ ಮೆಸೇಜ್, ಕಾಣುತ್ತದೆ.

ಚೈನ್ ಓಡುತ್ತಲೇ ಇಲ್ಲವೇ?

‘ಲಾಗ್‌ನಲ್ಲಿ ಏನೂ ಇಲ್ಲ, ಆದರೆ ಸರ್ವಿಸ್ ಉತ್ತರ ಕೊಡ್ತಿದೆ.’ ಇದು ಎಲ್ಲಕ್ಕಿಂತ ಸುಲಭದ ದೂರು. ಹ್ಯಾಂಡ್ಲರ್ ಕೆಟ್ಟಿಲ್ಲ, ಅದನ್ನು ಯಾರೂ ಕರೆದೇ ಇಲ್ಲ.

ಬಿಲ್ಡ್ ಮಾಡಲು ಮೇವನ್ ಬಳಸುವ ಕಡೆ ಮೊದಲು ನೋಡಬೇಕಾದ್ದು ಚೈನ್‌ನ ಎಕ್ಸ್‌ಎಂಎಲ್ ಫೈಲ್ ಎಲ್ಲಿದೆ ಅನ್ನುವುದನ್ನು. ಹ್ಯಾಂಡ್ಲರ್‌ಚೈನ್ ಅನೊಟೇಶನ್‌ನಲ್ಲಿ ಬರೆದ ಫೈಲ್ ಹೆಸರನ್ನು ಆ ಕ್ಲಾಸ್ ಇರುವ ಜಾಗದಿಂದ ಹುಡುಕಲಾಗುತ್ತದೆ. ಜಾವಾ ಫೈಲ್‌ನ ಪಕ್ಕದಲ್ಲೇ ಎಕ್ಸ್‌ಎಂಎಲ್ ಇಟ್ಟರೆ ಎಡಿಟರ್‌ನಲ್ಲಿ ಚೆಂದ ಕಾಣುತ್ತದೆ. ಆದರೆ ಮೇವನ್ ಜಾವಾ ಸೋರ್ಸ್ ಫೋಲ್ಡರ್‌ನಿಂದ ಜಾವಾ ಅಲ್ಲದ ಫೈಲನ್ನು ಟಾರ್ಗೆಟ್‌ಗೆ ನಕಲಿಸುವುದಿಲ್ಲ. ರಿಸೋರ್ಸಸ್ ಫೋಲ್ಡರ್‌ನಲ್ಲಿ, ಅದೇ ಪ್ಯಾಕೇಜಿನ ದಾರಿಯಲ್ಲಿ ಇಡಬೇಕು. ಜಾರ್ ಬಿಚ್ಚಿ ನೋಡಿದರೆ ಫೈಲ್ ಇದೆಯೋ ಇಲ್ಲವೋ ಆಗಲೇ ಗೊತ್ತಾಗುತ್ತದೆ.

ಫೈಲ್ ಸಿಗದಿದ್ದರೆ ಸರ್ವರ್ ಏಳುವಾಗಲೇ ಗಲಾಟೆ ಮಾಡುತ್ತದೆ, ಅದು ಒಳ್ಳೇದೇ. ಸದ್ದಿಲ್ಲದೆ ಕಾಡುವುದು ಫೈಲ್ ಸಿಕ್ಕರೂ ಚೈನ್ ಖಾಲಿ ಉಳಿಯುವುದು. ಆ ಎಕ್ಸ್‌ಎಂಎಲ್‌ನಲ್ಲಿ ಪೋರ್ಟ್ ಹೆಸರು, ಸರ್ವಿಸ್ ಹೆಸರು ಅಥವಾ ಬೈಂಡಿಂಗ್‌ಗೆ ಮಾತ್ರ ಅನ್ವಯಿಸು ಎಂದು ಸೋಸುವ ಎಲಿಮೆಂಟ್‌ಗಳನ್ನು ಹಾಕಬಹುದು. ಸೋಪ್ 1.1ಕ್ಕೆ ಎಂದು ಬರೆದಿಟ್ಟ ಚೈನ್, ಸರ್ವಿಸನ್ನು 1.2ಕ್ಕೆ ಬದಲಿಸಿದ ದಿನ ಸುಮ್ನೆ ಪಕ್ಕಕ್ಕೆ ಸರಿಯುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ಹಾಗೆಯೇ ಅನೊಟೇಶನ್ ಇಂಟರ್‌ಫೇಸ್ ಮೇಲೂ ಇದ್ದು ಅದನ್ನು ಜಾರಿ ಮಾಡುವ ಕ್ಲಾಸ್ ಮೇಲೂ ಇದ್ದರೆ ಕ್ಲಾಸ್‌ನದೇ ಗೆಲ್ಲುತ್ತದೆ. ಇಂಟರ್‌ಫೇಸ್‌ನಲ್ಲಿ ಎಷ್ಟು ತಿದ್ದಿದರೂ ಏನೂ ಆಗುತ್ತಿಲ್ಲ ಅಂದರೆ ಅಲ್ಲಿ ನೋಡಿ.

ಕ್ಲೈಂಟ್ ಕಡೆ ಕಾಲು ಜಾರಿ ಬೀಳುವ ಗುಂಡಿ ಎರಡಿವೆ. ಗೆಟ್‌ಹ್ಯಾಂಡ್ಲರ್‌ಚೈನ್ ಕರೆದಾಗ ಸಿಗುವುದು ಚೈನ್‌ನ ನಕಲು. ಅದಕ್ಕೆ ಹ್ಯಾಂಡ್ಲರ್ ಸೇರಿಸಿ, ಸೆಟ್‌ಹ್ಯಾಂಡ್ಲರ್‌ಚೈನ್ ಕರೆಯದೆ ಬಿಟ್ಟರೆ ಸೇರಿಸಿದ್ದು ನಕಲಿನಲ್ಲೇ ಉಳಿಯುತ್ತದೆ. ಇನ್ನೊಂದು, ಹ್ಯಾಂಡ್ಲರ್‌ರಿಸಾಲ್ವರ್ ಕೊಡುವುದಾದರೆ ಗೆಟ್‌ಪೋರ್ಟ್‌ಗಿಂತ ಮೊದಲೇ ಕೊಡಬೇಕು. ಪೋರ್ಟ್ ತೆಗೆದುಕೊಂಡ ಮೇಲೆ ಕೊಟ್ಟರೆ, ಆಗಲೇ ಕೈಗೆ ಬಂದ ಪ್ರಾಕ್ಸಿಗೆ (ಕ್ಲೈಂಟ್‌ನಲ್ಲಿ ಸರ್ವಿಸ್‌ನ ಪರವಾಗಿ ನಿಲ್ಲುವ ಆಬ್ಜೆಕ್ಟ್) ಅದು ತಗಲುವುದಿಲ್ಲ.

ಜಾಡು ಹಾಕುವುದು

ಚೈನ್ ಓಡುತ್ತಿದೆ, ಆದರೆ ತಪ್ಪಾಗಿ ಓಡುತ್ತಿದೆ ಅನ್ನಿ. ಆಗ ಪ್ರತಿ ಹ್ಯಾಂಡ್ಲರ್‌ನ ಒಳಗೆ ಪ್ರಿಂಟ್ ಸಾಲು ತುರುಕುವುದಕ್ಕಿಂತ ಒಂದು ಹೊದಿಕೆ ಬರೆಯುವುದು ವಾಸಿ. ಹೊದಿಕೆ ಅಂದರೆ ನಿಜವಾದ ಹ್ಯಾಂಡ್ಲರನ್ನು ಒಳಗಿಟ್ಟುಕೊಂಡು, ಕರೆ ಬಂದಾಗ ಒಂದು ಸಾಲು ಬರೆದು, ಕೆಲಸವನ್ನು ಒಳಗಿನವನಿಗೆ ದಾಟಿಸಿ, ಅವನು ಏನು ಹಿಂತಿರುಗಿಸಿದ ಎಂದು ಮತ್ತೊಂದು ಸಾಲು ಬರೆಯುವ ಚಿಕ್ಕ ಕ್ಲಾಸ್. ಮಾಮೂಲಿ ಮೆಸೇಜ್‌ಗೆ ಓಡುವ ಹ್ಯಾಂಡಲ್‌ಮೆಸೇಜ್, ತಪ್ಪು ತಿಳಿಸುವ ಮೆಸೇಜ್‌ಗೆ (ಅದೇ ಫಾಲ್ಟ್) ಓಡುವ ಹ್ಯಾಂಡಲ್‌ಫಾಲ್ಟ್, ಕೊನೆಗೆ ಓಡುವ ಕ್ಲೋಸ್, ಮೂರಕ್ಕೂ ಹೊದಿಕೆ ಬೇಕು. ಸಾಲುಗಳನ್ನು ಲಾಗ್ ಫೈಲ್‌ಗೆ ಹಾಕದೆ ಒಂದು ಲಿಸ್ಟ್‌ಗೆ ಹಾಕಿ. ಟೆಸ್ಟ್‌ನಲ್ಲಿ ಹೋಲಿಸಿ ನೋಡಲು ಅದೇ ಅನುಕೂಲ.

ಹೊದಿಕೆಯಲ್ಲೂ ಎಡವಬಹುದು. ಲಾಜಿಕಲ್ ಹ್ಯಾಂಡ್ಲರ್‌ಗೆ ಲಾಜಿಕಲ್ ಹೊದಿಕೆಯೇ ಬೇಕು, ಸೋಪ್ ಹ್ಯಾಂಡ್ಲರ್‌ಗೆ ಸೋಪ್ ಹೊದಿಕೆಯೇ ಬೇಕು. ಎಲ್ಲಕ್ಕೂ ಸೋಪ್ ಹೊದಿಕೆ ಹಾಕಿದರೆ ಕ್ರಮವೇ ಬದಲಾಗುತ್ತದೆ, ಆಮೇಲೆ ಹುಡುಕುತ್ತಿರುವುದು ಬೇರೆ ಯಾವುದೋ ಚೈನ್‌ನ ದೋಷ. ಜೊತೆಗೆ ಗೆಟ್‌ಹೆಡರ್ಸ್ ಅನ್ನೂ ಒಳಗಿನವನಿಗೆ ದಾಟಿಸಿ. ಯಾಕೆಂದು ಮುಂದೆ ಬರುತ್ತದೆ.

ಎಲ್ಲ ಸರಿ ಇದ್ದಾಗ ಸರ್ವರ್ ಕಡೆ ಜಾಡು ಹೀಗೆ ಕಾಣಬೇಕು:

ಲಾಗ್ – ಒಳಕ್ಕೆ – ಟ್ರೂ
ಡೈಜೆಸ್ಟ್ – ಒಳಕ್ಕೆ – ಟ್ರೂ
ಟೋಕನ್ – ಒಳಕ್ಕೆ – ಟ್ರೂ
ತೂಕ – ಒಳಕ್ಕೆ – ಟ್ರೂ
(ಇಲ್ಲಿ ಸರ್ವಿಸ್‌ನ ಮೆಥಡ್ ಓಡುತ್ತದೆ)
ತೂಕ – ಹೊರಕ್ಕೆ – ಟ್ರೂ
ಟೋಕನ್ – ಹೊರಕ್ಕೆ – ಟ್ರೂ
ಡೈಜೆಸ್ಟ್ – ಹೊರಕ್ಕೆ – ಟ್ರೂ
ಲಾಗ್ – ಹೊರಕ್ಕೆ – ಟ್ರೂ
ತೂಕ, ಟೋಕನ್, ಡೈಜೆಸ್ಟ್, ಲಾಗ್ – ಕ್ಲೋಸ್

ಎಪಿಎಂಸಿ ಯಾರ್ಡ್‌ಗೆ ಬರುವ ಲಾರಿಯ ಹಾಗೆ ಇದು. ಒಳಗೆ ಬರುವಾಗ ಮೊದಲು ಗೇಟು, ಆಮೇಲೆ ವೇಬ್ರಿಡ್ಜ್. ಹೊರಗೆ ಹೋಗುವಾಗ ಮೊದಲು ವೇಬ್ರಿಡ್ಜ್, ಆಮೇಲೆ ಗೇಟು. ಸರ್ವರ್‌ನ ಚೈನ್ ಪಟ್ಟಿಯಲ್ಲಿ ಕೊನೆಗೆ ಬರೆದ ಹ್ಯಾಂಡ್ಲರ್ ಯಾವಾಗಲೂ ಗೇಟಿನ ಪಕ್ಕ ನಿಂತಿರುತ್ತದೆ. ಕ್ಲೈಂಟ್‌ನಲ್ಲೂ ಅಷ್ಟೇ, ಕೊನೆಯದು ವೈರ್‌ಗೆ, ಅಂದರೆ ನೆಟ್‌ವರ್ಕ್‌ಗೆ, ಹತ್ತಿರ. ಹಾಗಾಗಿ ವೈರ್ ಮೇಲೆ ನಿಜವಾಗಿ ಏನು ಹೋಯಿತು ಎಂದು ಬರೆಯಬೇಕಾದ ಲಾಗ್ ಹ್ಯಾಂಡ್ಲರ್ ಎರಡೂ ಕಡೆ ಪಟ್ಟಿಯ ಕೊನೆಯಲ್ಲಿರಬೇಕು. ‘ಲಾಗ್ ಅಲ್ವಾ, ಮೊದಲೇ ಇರಲಿ’ ಅಂತ ಮೇಲೆ ಹಾಕಿದರೆ ಕ್ಲೈಂಟ್‌ನಲ್ಲಿ ಟೋಕನ್ ಹೆಡರ್ ಸೇರುವ ಮೊದಲಿನ ಮೆಸೇಜ್ ಬರೆದಿಡುತ್ತದೆ. ಆಮೇಲೆ ಹೆಡರ್ ಹೋಗೇ ಇಲ್ಲ ಎಂದು ಎರಡು ತಂಡಗಳ ನಡುವೆ ಜಗಳ.

ಎಕ್ಸ್‌ಎಂಎಲ್‌ನಲ್ಲಿ ಬರೆದ ಕ್ರಮವನ್ನು ಪೂರ್ತಿ ನಂಬಲೂಬಾರದು. ರನ್‌ಟೈಮ್ ಲಾಜಿಕಲ್ ಹ್ಯಾಂಡ್ಲರ್‌ಗಳನ್ನೆಲ್ಲ ಮುಂದಕ್ಕೆ, ಸೋಪ್ ಹ್ಯಾಂಡ್ಲರ್‌ಗಳನ್ನೆಲ್ಲ ಹಿಂದಕ್ಕೆ ಒತ್ತಿ ಜೋಡಿಸುತ್ತದೆ. ಅವರವರ ಗುಂಪಿನೊಳಗಿನ ಕ್ರಮ ಮಾತ್ರ ಉಳಿಯುತ್ತದೆ. ‘ತೂಕ’ವನ್ನು ಪಟ್ಟಿಯ ಕೊನೆಗೆ ಬರೆದರೂ ಅದು ನಿಲ್ಲುವುದು ಚೈನ್‌ನ ಮೊದಲ ಸ್ಥಾನದಲ್ಲೇ, ಅಂದರೆ ಒಳಕ್ಕೆ ಬರುವಾಗ ಅದು ಓಡುವುದು ಎಲ್ಲರಿಗಿಂತ ಕೊನೆಗೆ. ನಮ್ಮ ಉದಾಹರಣೆಯಲ್ಲಿ ಇದು ಒಳ್ಳೇದೇ ಆಯಿತು. ಡೈಜೆಸ್ಟ್ ನೋಡಿದ ಮೇಲಷ್ಟೇ ತೂಕದ ಅಂಕಿ ಬದಲಾಗುತ್ತದೆ. ಅದೇ ‘ತೂಕ’ವನ್ನು ಯಾರಾದರೂ ಸೋಪ್ ಹ್ಯಾಂಡ್ಲರ್ ಆಗಿ ಬದಲಿಸಿ ಕೊನೆಗೆ ಬರೆದರೆ, ಅಂಕಿ ಮೊದಲು ಬದಲಾಗಿ ಡೈಜೆಸ್ಟ್ ಆಮೇಲೆ ಓಡುತ್ತದೆ. ಪ್ರತಿ ಲಾಟ್‌ಗೂ ‘ಅಂಕಿ ತಿದ್ದಲಾಗಿದೆ’ ಎಂಬ ಆರೋಪ. ಕೋಡ್ ಎರಡೂ ಸರಿಯಾಗಿಯೇ ಇರುತ್ತದೆ!

ಟ್ರೂ, ಫಾಲ್ಸ್, ಎಕ್ಸೆಪ್ಷನ್

ಮೆಸೇಜ್ ಅರ್ಧದಲ್ಲಿ ನಿಂತಿದೆ ಎಂದು ಜಾಡು ತೋರಿಸಿದರೆ, ನಿಂತ ಹ್ಯಾಂಡ್ಲರ್ ಹೇಗೆ ನಿಲ್ಲಿಸಿತು ಎಂದು ನೋಡಬೇಕು. ಮೂರು ಬಗೆ ಇವೆ, ಮೂರರ ಜಾಡೂ ಬೇರೆ.

ಟೋಕನ್ ಸರಿಯಿಲ್ಲ, ಹ್ಯಾಂಡ್ಲರ್ ಸೋಪ್‌ಫಾಲ್ಟ್‌ಎಕ್ಸೆಪ್ಷನ್ ಎಸೆಯಿತು ಅನ್ನಿ. ಆಗ ದಿಕ್ಕು ತಿರುಗುತ್ತದೆ. ಅದಕ್ಕಿಂತ ಮೊದಲು ಓಡಿದ್ದ ಡೈಜೆಸ್ಟ್‌ನ ಹ್ಯಾಂಡಲ್‌ಫಾಲ್ಟ್, ಆಮೇಲೆ ಲಾಗ್‌ನ ಹ್ಯಾಂಡಲ್‌ಫಾಲ್ಟ್ ಓಡುತ್ತದೆ. ಎಸೆದ ಟೋಕನ್‌ನ ಹ್ಯಾಂಡಲ್‌ಫಾಲ್ಟ್ ಓಡುವುದಿಲ್ಲ. ಕೊನೆಗೆ ಟೋಕನ್, ಡೈಜೆಸ್ಟ್, ಲಾಗ್ ಮೂರಕ್ಕೂ ಕ್ಲೋಸ್. ‘ತೂಕ’ಕ್ಕೆ ಈ ವಿಷಯ ಗೊತ್ತೇ ಆಗುವುದಿಲ್ಲ, ಅದಕ್ಕೆ ಕ್ಲೋಸ್ ಕೂಡ ಬರುವುದಿಲ್ಲ.

ಅದೇ ಟೋಕನ್ ಒಳಗೆ ನಲ್‌ಪಾಯಿಂಟರ್ ಬಿತ್ತು ಅನ್ನಿ. ಆಗ ಯಾರ ಹ್ಯಾಂಡಲ್‌ಫಾಲ್ಟ್ ಕೂಡ ಓಡುವುದಿಲ್ಲ, ನೇರ ಕ್ಲೋಸ್. ಕ್ಲೈಂಟ್‌ಗೆ ಒಂದು ಫಾಲ್ಟ್ ಹೋಗಿರುತ್ತದೆ, ಆದರೆ ನಿಮ್ಮ ಲಾಗ್ ಹ್ಯಾಂಡ್ಲರ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ‘ನಾವು ಕಳಿಸೇ ಇಲ್ಲ’ ಎಂದು ಸರ್ವರ್‌ನವರು, ‘ನಮಗೆ ಬಂದಿದೆ’ ಎಂದು ಅಂಗಡಿಯವರು. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಹ್ಯಾಂಡ್ಲರ್‌ನಿಂದ ಬೇಕೆಂದೇ ತಿರಸ್ಕರಿಸುವುದಾದರೆ ಪ್ರೋಟೊಕಾಲ್‌ಎಕ್ಸೆಪ್ಷನ್ ಅಥವಾ ಅದರ ಮಕ್ಕಳನ್ನೇ ಎಸೆಯಿರಿ. ಬರೀ ರನ್‌ಟೈಮ್‌ಎಕ್ಸೆಪ್ಷನ್ ಬೇಡ.

ಫಾಲ್ಸ್ ಇನ್ನೂ ವಿಚಿತ್ರ. ವಿನಂತಿ ಬರುವಾಗ ಟೋಕನ್ ಫಾಲ್ಸ್ ಹಿಂತಿರುಗಿಸಿದರೆ ಅದು ‘ತಪ್ಪು’ ಎಂದು ಹೇಳಿದಂತೆ ಅಲ್ಲ. ‘ಉತ್ತರ ಸಿದ್ಧವಾಗಿದೆ, ತಿರುಗಿಸಿ ಕಳಿಸಿ’ ಎಂದು ಹೇಳಿದಂತೆ. ದಿಕ್ಕು ತಿರುಗಿ ಡೈಜೆಸ್ಟ್ ಮತ್ತು ಲಾಗ್‌ನ ಹ್ಯಾಂಡಲ್‌ಮೆಸೇಜ್ ಹೊರಕ್ಕೆ ಓಡುತ್ತವೆ, ಹ್ಯಾಂಡಲ್‌ಫಾಲ್ಟ್ ಅಲ್ಲ. ಕಾಂಟೆಕ್ಸ್ಟ್‌ನಲ್ಲಿ (ಹ್ಯಾಂಡ್ಲರ್‌ನಿಂದ ಹ್ಯಾಂಡ್ಲರ್‌ಗೆ ಮೆಸೇಜನ್ನೂ ಅದರ ಜೊತೆಯ ವಿವರವನ್ನೂ ಹೊತ್ತೊಯ್ಯುವ ಚೀಲ) ಯಾವ ಮೆಸೇಜ್ ಇದೆಯೋ ಅದೇ ಉತ್ತರವಾಗಿ ಹೋಗುತ್ತದೆ. ಹ್ಯಾಂಡ್ಲರ್ ಅದನ್ನು ಬದಲಿಸದೆ ಫಾಲ್ಸ್ ಎಂದಿದ್ದರೆ, ಕ್ಲೈಂಟ್ ತಾನು ಕಳಿಸಿದ ವಿನಂತಿಯನ್ನೇ ಉತ್ತರ ಎಂದು ಪಡೆಯುತ್ತದೆ. ಎಲಿಮೆಂಟ್ ಹೆಸರು ಹೊಂದುತ್ತಿಲ್ಲ ಎಂದು ಅದು ದೂರಿದಾಗ ಎಲ್ಲರೂ ಡಬ್ಲ್ಯುಎಸ್‌ಡಿಎಲ್ (ಸರ್ವಿಸ್‌ನ ವಿವರ ಬರೆದ ಫೈಲ್) ತೆರೆದು ಕೂರುತ್ತಾರೆ. ಡಬ್ಲ್ಯುಎಸ್‌ಡಿಎಲ್ ಸರಿಯಾಗಿಯೇ ಇದೆ. ಜಾಡಿನಲ್ಲಿ ‘ಟೋಕನ್ – ಒಳಕ್ಕೆ – ಫಾಲ್ಸ್’ ಎಂಬ ಒಂದು ಸಾಲು ಕಂಡರೆ ಸಾಕು.

ಹ್ಯಾಂಡ್ಲರ್ ಓಡುವ ಮೊದಲೇ ಫಾಲ್ಟ್

ಫಾಲ್ಟ್ ಕೋಡ್‌ನಲ್ಲಿ ಮಸ್ಟ್‌ಅಂಡರ್‌ಸ್ಟ್ಯಾಂಡ್ ಎಂದಿದ್ದು, ಜಾಡಿನಲ್ಲಿ ಒಂದು ಸಾಲೂ ಇಲ್ಲದಿದ್ದರೆ ಗೆಟ್‌ಹೆಡರ್ಸ್ ನೋಡಿ. ಕಳಿಸುವವರು ಒಂದು ಹೆಡರ್‌ಗೆ ‘ಇದು ನಿಮಗೆ ಅರ್ಥವಾಗಲೇಬೇಕು’ ಎಂದು ಗುರುತು ಹಾಕಿರುತ್ತಾರೆ. ಚೈನ್‌ನಲ್ಲಿ ಯಾರಿಗಾದರೂ ಅದು ಗೊತ್ತೇ ಎಂದು ರನ್‌ಟೈಮ್ ಮೊದಲೇ ಕೇಳುತ್ತದೆ. ಉತ್ತರ ಕೊಡುವುದು ಗೆಟ್‌ಹೆಡರ್ಸ್. ಎಡಿಟರ್ ತಾನಾಗಿ ತುಂಬಿಸಿದ ನಲ್ ಅಲ್ಲಿ ಹಾಗೇ ಇದ್ದರೆ ‘ಯಾರಿಗೂ ಗೊತ್ತಿಲ್ಲ’ ಎಂದರ್ಥ, ಬಾಗಿಲಲ್ಲೇ ವಾಪಸ್. ಆ ಹೆಡರ್‌ನ ಪೂರ್ತಿ ಹೆಸರನ್ನು, ನೇಮ್‌ಸ್ಪೇಸ್ ಸಮೇತ, ಅಲ್ಲಿಂದ ಹಿಂತಿರುಗಿಸಬೇಕು. ನೇಮ್‌ಸ್ಪೇಸ್‌ನ ಕೊನೆಯ ಒಂದು ಓರೆಗೆರೆ ಹೆಚ್ಚುಕಮ್ಮಿ ಆದರೂ ಹೊಂದುವುದಿಲ್ಲ.

ಹ್ಯಾಂಡ್ಲರ್ ಇಟ್ಟದ್ದು ಸರ್ವಿಸ್‌ಗೆ ಕಾಣದಿದ್ದರೆ

‘ಟೋಕನ್’ ಅಂಗಡಿಯ ಸಂಖ್ಯೆ ಹುಡುಕಿ ಕಾಂಟೆಕ್ಸ್ಟ್‌ನಲ್ಲಿ ಇಡುತ್ತದೆ. ಸರ್ವಿಸ್‌ನ ಮೆಥಡ್‌ನಲ್ಲಿ ತೆಗೆದರೆ ನಲ್. ಕೀ ಹೆಸರು ಸರಿಯಿದ್ದರೆ ಕಾರಣ ಒಂದೇ: ಕಾಂಟೆಕ್ಸ್ಟ್‌ನಲ್ಲಿ ಇಡುವ ಪ್ರತಿ ವಸ್ತುವಿನ ವ್ಯಾಪ್ತಿ ತಾನಾಗಿ ‘ಹ್ಯಾಂಡ್ಲರ್’ ಆಗಿರುತ್ತದೆ. ಹ್ಯಾಂಡ್ಲರ್‌ಗಳಿಗೆ ಕಾಣುತ್ತದೆ, ಸರ್ವಿಸ್‌ಗೆ ಕಾಣುವುದಿಲ್ಲ. ಇಟ್ಟ ಮೇಲೆ ಸೆಟ್‌ಸ್ಕೋಪ್ ಕರೆದು ‘ಅಪ್ಲಿಕೇಶನ್’ ಮಾಡಬೇಕು. ಕ್ಲೈಂಟ್‌ನ ಕಾಂಟೆಕ್ಸ್ಟ್‌ನಲ್ಲಿ ಇಟ್ಟದ್ದು ಸರ್ವರ್‌ನಲ್ಲಿ ಸಿಗಲಿ ಎಂದು ಕಾಯುವವರೂ ಇದ್ದಾರೆ. ಅದು ವೈರ್ ದಾಟುವುದಿಲ್ಲ. ದಾಟಬೇಕೆಂದರೆ ಹೆಡರ್‌ನಲ್ಲೇ ಹಾಕಬೇಕು.

ಬದಲಾವಣೆ ಉಳಿಯದಿರುವುದೂ ಇದರ ಹತ್ತಿರದ ದೋಷ. ಲಾಜಿಕಲ್ ಹ್ಯಾಂಡ್ಲರ್‌ನಲ್ಲಿ ಗೆಟ್‌ಪೇಲೋಡ್ ಕೊಡುವ ಸೋರ್ಸ್ ಡಾಮ್ ಬಗೆಯದಾಗಿದ್ದರೆ (ಎಕ್ಸ್‌ಎಂಎಲ್ ಅನ್ನು ಮರದ ರೂಪದಲ್ಲಿ ಇಟ್ಟದ್ದು) ಅದರಲ್ಲಿ ತಿದ್ದಿದ್ದು ನೇರ ಮೆಸೇಜ್‌ಗೆ ಸೇರುತ್ತದೆ. ಬೇರೆ ಬಗೆಯದಾಗಿದ್ದರೆ ಅದು ಓದಲು ಮಾತ್ರ. ಯಾವ ಬಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಕೂರುವ ಬದಲು ತಿದ್ದಿದ ಮೇಲೆ ಸೆಟ್‌ಪೇಲೋಡ್ ಕರೆದುಬಿಡಿ. ಕ್ವಿಂಟಾಲ್ ಕಿಲೋ ಆಗದೆ ಹಾಗೇ ಉಳಿದು, 12.5 ಕ್ವಿಂಟಾಲ್ ರಾಶಿ ಅಡಿಕೆ 12.5 ಕಿಲೋ ಎಂದು ಪಟ್ಟಿಯಾದರೆ ಅಂಗಡಿಯವರು ಸುಮ್ಮನಿರುತ್ತಾರಾ?

ಇಂಗ್ಲಿಷ್ ಹೋಗುತ್ತದೆ, ಕನ್ನಡ ಹೋಗುವುದಿಲ್ಲ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊರಗಿನ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ. ಫೋನ್ ಬರುವುದು ಹೀಗೆ: ‘ಸರ್, ಹೆಸರು ಇಂಗ್ಲಿಷ್‌ನಾಗ ಹೊಡೆದ್ರೆ ಹೋಗ್ತೈತಿ. ಕನ್ನಡದಾಗ ಹೊಡೆದ್ರೆ ವಾಪಸ್ ಬರ್ತೈತಿ. ನಿಮ್ಮ ಸರ್ವರ್‌ಗೆ ಕನ್ನಡ ಬರಂಗಿಲ್ಲೇನ್ರಿ?’

ಸರ್ವರ್‌ಗೆ ಕನ್ನಡ ಬರುತ್ತದೆ. ವೈರ್ ಮೇಲಿನ ಮೆಸೇಜ್ ತೆಗೆದು ನೋಡಿದರೆ ಬಾಡಿಯಲ್ಲಿ ಕನ್ನಡ ಅಚ್ಚುಕಟ್ಟಾಗಿಯೇ ಇರುತ್ತದೆ. ತಿರಸ್ಕರಿಸುತ್ತಿರುವುದು ‘ಡೈಜೆಸ್ಟ್’. ಅಂಗಡಿಯ ವಿಂಡೋಸ್ ಯಂತ್ರದಲ್ಲಿ ಜಾವಾ 8 ಇದೆ. ಅಲ್ಲಿ ಡೈಜೆಸ್ಟ್ ಲೆಕ್ಕ ಹಾಕುವ ಹ್ಯಾಂಡ್ಲರ್, ರೈತರ ಹೆಸರು, ಊರಿನ ಸ್ಟ್ರಿಂಗ್‌ಗಳ ಮೇಲೆ ಗೆಟ್‌ಬೈಟ್ಸ್ ಕರೆಯುತ್ತದೆ, ಆದರೆ ಯಾವ ಎನ್ಕೋಡಿಂಗ್ (ಅಕ್ಷರವನ್ನು ಬೈಟ್ ಮಾಡುವ ಪದ್ಧತಿ) ಎಂದು ಹೇಳುವುದಿಲ್ಲ. ಹೇಳದಿದ್ದರೆ ಯಂತ್ರದ ಡೀಫಾಲ್ಟ್. ನಮ್ಮ ಕಡೆಯ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ವಿಂಡೋಸ್-1252 ಎಂಬ ಎನ್ಕೋಡಿಂಗ್, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಪ್ರತಿ ಅಕ್ಷರಚಿಹ್ನೆಯ ಬದಲು ಒಂದು ಪ್ರಶ್ನಾರ್ಥಕ ಬೀಳುತ್ತದೆ. ಸರ್ವರ್ ಲಿನಕ್ಸ್, ಡೀಫಾಲ್ಟ್ ಯುಟಿಎಫ್-8. ಎರಡು ಕಡೆಯ ಲೆಕ್ಕ ಹೊಂದುವುದಿಲ್ಲ. ಇಂಗ್ಲಿಷ್ ಅಕ್ಷರ ಎರಡರಲ್ಲೂ ಒಂದೇ ಬೈಟ್ ಆದ್ದರಿಂದ ಅದು ಹೋಗುತ್ತದೆ.

ಕೈಯಲ್ಲೇ ಎಣಿಸಿ ನೋಡಬಹುದು. ‘ದಾವಣಗೆರೆ’ಯನ್ನು ಯುನಿಕೋಡ್‌ನಲ್ಲಿ ಬಿಡಿಸಿದರೆ ದ, ಆಕಾರದ ಚಿಹ್ನೆ, ವ, ಣ, ಗ, ಎಕಾರದ ಚಿಹ್ನೆ, ರ, ಮತ್ತೆ ಎಕಾರದ ಚಿಹ್ನೆ, ಒಟ್ಟು 8. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಅಂದರೆ 24 ಬೈಟ್. ಈಗ ಲಾಗ್ ಫೈಲ್ ತೆರೆಯಿರಿ. ಆ ಊರಿನ ಜಾಗದಲ್ಲಿ 8 ಪ್ರಶ್ನಾರ್ಥಕ ಕಂಡರೆ ಬರೆಯುವಾಗ ಕೆಟ್ಟಿದೆ: ಸ್ಟ್ರಿಂಗನ್ನು ಬೈಟ್ ಮಾಡುವಾಗ ಎನ್ಕೋಡಿಂಗ್ ತಪ್ಪಿದೆ. 24 ಅಡ್ಡಾದಿಡ್ಡಿ ಅಕ್ಷರ ಕಂಡರೆ ಓದುವಾಗ ಕೆಟ್ಟಿದೆ: ಸರಿಯಾದ ಬೈಟ್‌ಗಳನ್ನು ತಪ್ಪು ಎನ್ಕೋಡಿಂಗ್‌ನಲ್ಲಿ ಸ್ಟ್ರಿಂಗ್ ಮಾಡಿದ್ದಾರೆ. ಎರಡನೆಯದಕ್ಕೆ ಸಾಮಾನ್ಯ ಕಾರಣ, ರೈಟ್‌ಟು ಮೂಲಕ ಮೆಸೇಜನ್ನು ಬೈಟ್‌ಅರೇ ಔಟ್‌ಪುಟ್‌ಸ್ಟ್ರೀಮ್‌ಗೆ ಹಾಕಿ ಅದರ ಮೇಲೆ ಬರೀ ಟುಸ್ಟ್ರಿಂಗ್ ಕರೆಯುವುದು. ಮೊದಲನೆಯದರಲ್ಲಿ ಮಾಹಿತಿ ಕಳೆದುಹೋಯಿತು, ಮರಳಿ ಸಿಗುವುದಿಲ್ಲ. ಎರಡನೆಯದರಲ್ಲಿ ಬೈಟ್ ಸಿಕ್ಕರೆ ಸರಿಪಡಿಸಬಹುದು. ಒಂದು ಎಚ್ಚರಿಕೆ: ವಿಂಡೋಸ್‌ನ ಕಪ್ಪು ಪರದೆಯಲ್ಲಿ ಕಾಣುವುದನ್ನು ನಂಬಬೇಡಿ, ಅದಕ್ಕೆ ಅದರದೇ ತಕರಾರು. ಫೈಲನ್ನು ಹೆಕ್ಸ್‌ನಲ್ಲಿ ತೆರೆದು ನೋಡಿ. ಇ0 ಬಿ2, ಇ0 ಬಿ3 ಎಂಬ ಜೋಡಿಗಳು ಕಂಡರೆ ಕನ್ನಡ ಉಳಿದಿದೆ. ಬರೀ 3ಎಫ್ ಸಾಲಾಗಿ ಕಂಡರೆ ಪ್ರಶ್ನಾರ್ಥಕ.

ಇದರಲ್ಲಿ ನಿಜವಾಗಿ ಭಯ ಪಡಬೇಕಾದ್ದು ತಿರಸ್ಕಾರವಲ್ಲ, ಸ್ವೀಕಾರ. ಎರಡೂ ಕಡೆ ವಿಂಡೋಸ್ ಇದ್ದರೆ ಎರಡೂ ಕಡೆ ಪ್ರಶ್ನಾರ್ಥಕಗಳೇ, ಲೆಕ್ಕ ಹೊಂದುತ್ತದೆ, ಎಲ್ಲ ಹಸಿರು. ಆದರೆ ‘ಚನ್ನಗಿರಿ’ಯನ್ನೂ ಬಿಡಿಸಿ ನೋಡಿ: ಚ, ನ, ವಿರಾಮ (ಒತ್ತು ಮೂಡಿಸುವ ಚಿಹ್ನೆ), ನ, ಗ, ಇಕಾರ, ರ, ಇಕಾರ. ಅದೂ 8. ಊರಿನ ಜಾಗದಲ್ಲಿ ದಾವಣಗೆರೆ ಇದ್ದರೂ ಚನ್ನಗಿರಿ ಇದ್ದರೂ ಡೈಜೆಸ್ಟ್ ಒಂದೇ! ಊರು ತಿದ್ದಿದರೂ ಹ್ಯಾಂಡ್ಲರ್ ಒಪ್ಪುತ್ತದೆ. ಅದಕ್ಕೇ ಈ ಎರಡು ಊರುಗಳನ್ನು ಟೆಸ್ಟ್ ಡೇಟಾದಲ್ಲಿ ಖಾಯಂ ಇಟ್ಟುಕೊಳ್ಳಿ. ಎರಡರ ಡೈಜೆಸ್ಟ್ ಬೇರೆ ಬೇರೆ ಬರಬೇಕು ಎನ್ನುವ ಒಂದು ಟೆಸ್ಟ್ ಬರೆದರೆ ಡೀಫಾಲ್ಟ್ 1252 ಇರುವ ಯಂತ್ರದಲ್ಲಿ ಓಡಿಸಿದಾಗ ಈ ದೋಷ ಸಿಕ್ಕಿಬೀಳುತ್ತದೆ.

ಪರಿಹಾರ ಸುಲಭ. ಬೈಟ್ ಮಾಡುವ, ಸ್ಟ್ರಿಂಗ್ ಮಾಡುವ ಪ್ರತಿ ಜಾಗದಲ್ಲೂ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳುವುದು. 2022ರಲ್ಲಿ ಬಂದ ಜಾವಾ 18ರಿಂದ ಡೀಫಾಲ್ಟೇ ಯುಟಿಎಫ್-8 ಆಗಿದೆ. ಹಾಗಾಗಿ ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ದೋಷ ಕಾಣುವುದಿಲ್ಲ, ಅಂಗಡಿಯ ಹಳೇ ಯಂತ್ರದಲ್ಲಿ ಮಾತ್ರ ಕಾಣುತ್ತದೆ. ಅದನ್ನು ಇಲ್ಲೇ ಮರುಸೃಷ್ಟಿಸಲು ಜಾವಾ 8ರಲ್ಲಿ ಫೈಲ್ ಎನ್ಕೋಡಿಂಗ್ ಪ್ರಾಪರ್ಟಿಯನ್ನು 1252 ಮಾಡಿ ಟೆಸ್ಟ್ ಓಡಿಸಿ. ಓಡುವಾಗ ಮಧ್ಯೆ ಬದಲಿಸಿದರೆ ಪ್ರಯೋಜನವಿಲ್ಲ, ಜೆವಿಎಂ ಶುರುವಾಗುವಾಗಲೇ ಕೊಡಬೇಕು. ಇನ್ನು ಸ್ಟ್ರಿಂಗ್ ಮೇಲೆ ಡೈಜೆಸ್ಟ್ ಹಾಕುವ ಪದ್ಧತಿಯೇ ನನಗೆ ಹಿಡಿಸದು. ಹೊಸದಾಗಿ ಬರೆಯುವುದಾದರೆ ಸೋಪ್ ಮೆಸೇಜ್‌ಗಳ ಭದ್ರತೆಗೆಂದೇ ಇರುವ ಡಬ್ಲ್ಯುಎಸ್-ಸೆಕ್ಯುರಿಟಿಯ ಸಹಿಯೇ ಸರಿ. ಆದರೆ ಹಳೇ ಸರ್ವಿಸ್‌ನಲ್ಲಿ ನಮ್ಮ ಇಷ್ಟ ಯಾರು ಕೇಳುತ್ತಾರೆ?

ಟೆಂಡರ್ ಹೊತ್ತಿಗೆ ಮಾತ್ರ ಬರುವ ದೋಷ

ಬೆಳಿಗ್ಗೆಯೆಲ್ಲ ಸರಿ, ಟೆಂಡರ್ ಶುರುವಾಗಿ ಎಲ್ಲ ಅಂಗಡಿಗಳೂ ಒಟ್ಟಿಗೆ ಕಳಿಸುವಾಗ ಒಬ್ಬರ ಲಾಟ್ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ಇಂಥದ್ದು ಕಂಡರೆ ಹ್ಯಾಂಡ್ಲರ್‌ನ ಫೀಲ್ಡ್‌ಗಳನ್ನು ನೋಡಿ. ಒಂದೇ ಹ್ಯಾಂಡ್ಲರ್ ಆಬ್ಜೆಕ್ಟ್ ಹಲವು ಥ್ರೆಡ್‌ಗಳ ಮೆಸೇಜ್‌ಗಳನ್ನು ಏಕಕಾಲಕ್ಕೆ ನೋಡುತ್ತಿರುತ್ತದೆ. ಅಂಗಡಿಯ ಸಂಖ್ಯೆಯನ್ನು ಫೀಲ್ಡ್‌ನಲ್ಲಿ ಇಟ್ಟರೆ ಪಕ್ಕದ ಥ್ರೆಡ್ ಬಂದು ಅಳಿಸಿ ತನ್ನದು ಬರೆಯುತ್ತದೆ. ಮೆಸೇಜ್‌ಗೆ ಸೇರಿದ್ದು ಕಾಂಟೆಕ್ಸ್ಟ್‌ನಲ್ಲೇ ಇರಬೇಕು. ಥ್ರೆಡ್‌ಲೋಕಲ್‌ನಲ್ಲಿ ಇಡುವವರು ಕ್ಲೋಸ್‌ನಲ್ಲಿ ಅಳಿಸಬೇಕು, ಇಲ್ಲವಾದರೆ ಥ್ರೆಡ್ ಮರುಬಳಕೆಯಾದಾಗ ಹಿಂದಿನವರದು ಅಂಟಿಕೊಂಡು ಬರುತ್ತದೆ. ಪರೀಕ್ಷಿಸಲು ಹತ್ತಿಪ್ಪತ್ತು ಥ್ರೆಡ್‌ಗಳನ್ನು ಕೌಂಟ್‌ಡೌನ್‌ಲ್ಯಾಚ್ ಮೇಲೆ ನಿಲ್ಲಿಸಿ ಒಟ್ಟಿಗೆ ಬಿಡಿ, ಪ್ರತಿಯೊಂದಕ್ಕೂ ಬೇರೆ ಟೋಕನ್ ಕೊಡಿ, ತನ್ನ ಸಂಖ್ಯೆಯೇ ಉತ್ತರದಲ್ಲಿ ಬಂತೇ ನೋಡಿ. ಒಂದು ಸಲ ಹಸಿರು ಬಂದರೆ ನಂಬಬೇಡಿ, ಟೆಸ್ಟನ್ನು ಲೂಪ್‌ನಲ್ಲಿ ಹಾಕಿ.

ಮಾಕ್ ಸಾಲದು

ಮೊಕಿಟೊ ಎಂಬ ಲೈಬ್ರರಿಯಿಂದ ಸುಳ್ಳು ಕಾಂಟೆಕ್ಸ್ಟ್ (ಇಂಥ ಸುಳ್ಳು ಆಬ್ಜೆಕ್ಟೇ ಮಾಕ್) ಮಾಡಿ ಹ್ಯಾಂಡಲ್‌ಮೆಸೇಜ್ ಕರೆಯುವ ಟೆಸ್ಟ್‌ಗಳು ಬೇಡ ಎಂದಲ್ಲ. ಹೆಡರ್ ಇಲ್ಲದ ಮೆಸೇಜ್ ಬಂದರೆ ಹ್ಯಾಂಡ್ಲರ್ ಬೀಳುತ್ತದೆಯೇ ಎಂದು ನೋಡಲು ಅವೇ ಚುರುಕು. ಎನ್ವಲಪ್‌ನ ಗೆಟ್‌ಹೆಡರ್ ನಲ್ ಕೊಡಬಹುದು, ಆಗ ಆಡ್‌ಹೆಡರ್ ಕರೆಯಬೇಕು. ಹೆಡರ್ ಇದ್ದೂ ಆಡ್‌ಹೆಡರ್ ಕರೆದರೆ ಎಕ್ಸೆಪ್ಷನ್. ಎರಡಕ್ಕೂ ಒಂದೊಂದು ಟೆಸ್ಟ್ ಇರಲಿ. ಮೆಸೇಜ್ ಮಾತ್ರ ಮಾಕ್ ಮಾಡಬೇಡಿ. ಮೆಸೇಜ್‌ಫ್ಯಾಕ್ಟರಿಗೆ ನಿಜವಾದ ಎಕ್ಸ್‌ಎಂಎಲ್ ಫೈಲ್ ಕೊಟ್ಟು ಮೆಸೇಜ್ ಕಟ್ಟಿಸಿ. ಮಾಕ್ ಕಾಂಟೆಕ್ಸ್ಟ್‌ನಲ್ಲಿ ದಿಕ್ಕಿನ ಪ್ರಾಪರ್ಟಿಗೆ ಬೆಲೆ ಕೊಡಲು ಮರೆತರೆ ನಲ್ ಬರುತ್ತದೆ, ಬೂಲಿಯನ್‌ಗೆ ಇಳಿಸುವಾಗ ಟೆಸ್ಟ್ ಬೀಳುತ್ತದೆ. ಅದು ಹ್ಯಾಂಡ್ಲರ್‌ನ ತಪ್ಪಲ್ಲ. ದಿಕ್ಕಿನ ವಿಷಯದಲ್ಲಿ ಇನ್ನೊಂದು: ಅದೇ ವಿನಂತಿ ಕ್ಲೈಂಟ್‌ನಲ್ಲಿ ‘ಹೊರಕ್ಕೆ’, ಸರ್ವರ್‌ನಲ್ಲಿ ‘ಒಳಕ್ಕೆ’. ಎರಡೂ ಕಡೆ ಒಂದೇ ಹ್ಯಾಂಡ್ಲರ್ ಬಳಸುವವರು ಇಲ್ಲಿ ಮುಗ್ಗರಿಸುತ್ತಾರೆ.

ಆದರೆ ಮೇಲೆ ಹೇಳಿದ ದೋಷಗಳಲ್ಲಿ ಕ್ರಮ, ವ್ಯಾಪ್ತಿ, ಫಾಲ್ಸ್‌ನ ಪರಿಣಾಮ, ಮಸ್ಟ್‌ಅಂಡರ್‌ಸ್ಟ್ಯಾಂಡ್, ಯಾವುದೂ ಮಾಕ್‌ಗೆ ಸಿಗುವುದಿಲ್ಲ. ಅದಕ್ಕೆ ಚೈನ್ ಚೈನಾಗಿಯೇ ಓಡಬೇಕು. ಎಂಡ್‌ಪಾಯಿಂಟ್ ಕ್ರಿಯೇಟ್ ಮಾಡಿ, ಅದರ ಬೈಂಡಿಂಗ್‌ಗೆ ಹೊದಿಕೆ ಹಾಕಿದ ಚೈನ್ ಕೊಟ್ಟು, ಲೋಕಲ್‌ಹೋಸ್ಟ್‌ನಲ್ಲಿ ಖಾಲಿ ಇರುವ ಪೋರ್ಟ್‌ನಲ್ಲಿ ಪಬ್ಲಿಷ್ ಮಾಡಿದರೆ ಟಾಮ್‌ಕ್ಯಾಟ್ ಕೂಡ ಬೇಕಿಲ್ಲ. ಜೆಯುನಿಟ್‌ನೊಳಗೇ ಎದ್ದು ಬೀಳುತ್ತದೆ. ಇದು ಎಕ್ಸ್‌ಎಂಎಲ್ ಫೈಲನ್ನು ಬಳಸುವುದಿಲ್ಲ ಎನ್ನುವುದು ನೆನಪಿರಲಿ. ಅನೊಟೇಶನ್ ಮೂಲಕವೇ ಚೈನ್ ಎದ್ದು ಬರುವ ಒಂದು ಟೆಸ್ಟ್ ಬೇರೆಯಾಗಿ ಇಡಿ. ಅದರಲ್ಲಿ ಬೈಂಡಿಂಗ್‌ನಿಂದ ಚೈನ್ ಪಡೆದು ಎಷ್ಟು ಹ್ಯಾಂಡ್ಲರ್, ಯಾವ ಕ್ರಮ ಎಂದು ನೋಡಿದರೆ ಸಾಕು.

ವಿನಂತಿ ಕಳಿಸಲು ತಯಾರಾದ ಕ್ಲೈಂಟ್ ಪ್ರಾಕ್ಸಿ ಬಳಸದೆ ಕಚ್ಚಾ ಎಕ್ಸ್‌ಎಂಎಲ್ ಅನ್ನು ಎಚ್‌ಟಿಟಿಪಿಯಲ್ಲಿ ಪೋಸ್ಟ್ ಮಾಡಿ. ಪ್ರಾಕ್ಸಿ ತನ್ನ ಕಡೆಯ ಬುದ್ಧಿವಂತಿಕೆ ಸೇರಿಸಿ ಫಾಲ್ಟನ್ನು ಜಾವಾ ಎಕ್ಸೆಪ್ಷನ್ ಮಾಡಿಬಿಡುತ್ತದೆ. ನಮಗೆ ಬೇಕಾದ್ದು ವೈರ್ ಮೇಲಿನ ರೂಪ. ಸೋಪ್ 1.1ರ ಫಾಲ್ಟ್ 500ರ ಸ್ಥಿತಿಯಲ್ಲಿ ಬರುತ್ತದೆ. ಎಚ್‌ಟಿಟಿಪಿಯುಆರ್‌ಎಲ್‌ಕನೆಕ್ಷನ್ ಆಗ ಇನ್‌ಪುಟ್‌ಸ್ಟ್ರೀಮ್ ಕೊಡದೆ ಎಕ್ಸೆಪ್ಷನ್ ಎಸೆಯುತ್ತದೆ, ಎರರ್‌ಸ್ಟ್ರೀಮ್‌ನಿಂದ ಓದಬೇಕು. ಟೆಸ್ಟ್‌ನ ಕೊನೆಗೆ ಎರಡು ಪರಿಶೀಲನೆ: ಉತ್ತರದ ಎಕ್ಸ್‌ಎಂಎಲ್, ಮತ್ತು ಜಾಡಿನ ಲಿಸ್ಟ್. ಕ್ಲೋಸ್ ಸಾಲುಗಳನ್ನೂ ಹೋಲಿಸಿ. ಓಡಿದ ಪ್ರತಿ ಹ್ಯಾಂಡ್ಲರ್‌ಗೂ ಒಂದು ಕ್ಲೋಸ್ ಇರಬೇಕು, ಓಡದವನಿಗೆ ಇರಬಾರದು.

ಮೆಟ್ರೋ ರನ್‌ಟೈಮ್ (ಜಾಕ್ಸ್-ಡಬ್ಲ್ಯುಎಸ್ ಅನ್ನು ಓಡಿಸುವ ಲೈಬ್ರರಿಗಳಲ್ಲಿ ಒಂದು) ಬಳಸುವವರು ಹ್ಯಾಂಡ್ಲರ್‌ಗಳನ್ನೇ ನಂಬದೆ ವೈರ್ ನೋಡಬೇಕೆಂದರೆ ಸರ್ವರ್‌ನಲ್ಲಿ ಎಚ್‌ಟಿಟಿಪಿಅಡಾಪ್ಟರ್‌ನ, ಕ್ಲೈಂಟ್‌ನಲ್ಲಿ ಎಚ್‌ಟಿಟಿಪಿಟ್ರಾನ್ಸ್‌ಪೋರ್ಟ್‌ಪೈಪ್‌ನ ಡಂಪ್ ಆನ್ ಮಾಡಬಹುದು. ಜಾವಾ 8ರ ಒಳಗೇ ಬಂದದ್ದರಲ್ಲಿ ಈ ಕ್ಲಾಸ್‌ಗಳ ಪ್ಯಾಕೇಜ್ ಹೆಸರಿನ ನಡುವೆ ‘ಇಂಟರ್ನಲ್’ ಇರುತ್ತದೆ, ಬೇರೆಯಾಗಿ ಸೇರಿಸಿದ ಜಾರ್‌ನಲ್ಲಿ ಇರುವುದಿಲ್ಲ. ತಪ್ಪು ಹೆಸರು ಕೊಟ್ಟರೆ ಎರರ್ ಬರುವುದಿಲ್ಲ, ಡಂಪೂ ಬರುವುದಿಲ್ಲ.

ಜಾವಾ 11 ಅಥವಾ 17ಕ್ಕೆ ಏರಿಸುವ ಯೋಜನೆ ಇದ್ದರೆ ಈ ಚೈನ್ ಟೆಸ್ಟ್‌ಗಳನ್ನು ಏರಿಸುವ ಮೊದಲೇ ಬರೆದಿಡಿ. ಏರಿಸಿದ ಮೇಲೆ ಜಾಕ್ಸ್-ಡಬ್ಲ್ಯುಎಸ್ ಜಾರ್‌ಗಳನ್ನು ನಾವೇ ಸೇರಿಸಬೇಕು. ಆಗ ಹಳೇ ಜಾವಾಎಕ್ಸ್ ಹೆಸರಿನದೋ ಹೊಸ ಜಕಾರ್ತಾ ಹೆಸರಿನದೋ ಎಂದು ಒಂದನ್ನೇ ಆರಿಸಬೇಕು. ಹ್ಯಾಂಡ್ಲರ್ ಒಂದರಲ್ಲಿ ಕಂಪೈಲ್ ಆಗಿ ರನ್‌ಟೈಮ್ ಇನ್ನೊಂದರದ್ದಾದರೆ, ರನ್‌ಟೈಮ್ ಕಣ್ಣಿಗೆ ಅದು ಹ್ಯಾಂಡ್ಲರೇ ಅಲ್ಲ. ಎರಡೂ ಬಗೆಯ ಜಾರ್‌ಗಳು ಕ್ಲಾಸ್‌ಪಾತ್‌ನಲ್ಲಿ ಉಳಿದುಕೊಂಡರೆ ಕಂಪೈಲ್ ಏನೋ ಸರಾಗವಾಗಿ ಆಗುತ್ತದೆ. ಮೇವನ್‌ನ ಡಿಪೆಂಡೆನ್ಸಿ ಟ್ರೀ ತೆಗೆದು ಹಳೇದು ಯಾವ ಲೈಬ್ರರಿಯ ಬೆನ್ನ ಮೇಲೆ ಬರುತ್ತಿದೆ ಎಂದು ನೋಡಿ, ಅಲ್ಲೇ ಎಕ್ಸ್‌ಕ್ಲೂಡ್ ಮಾಡಿ.